ಲೀಟರಿಗೆ ಹನ್ನೊಂದು

ಪ್ರೀತಿಯ ಮಾವನವರಿಗೆ,

ನಿನ್ನೆ ಬೆಳಿಗ್ಗೆ ನಿಮ್ಮ ಗಾಡಿ ನೋಡಲು ಸುರತ್ಕಲ್‌ನಿಂದ ಒಬ್ಬರು ಬಂದಿದ್ದರು. ಅಂಗಳದಲ್ಲಿ ಅದಕ್ಕೆ ಒಂದು ಸುತ್ತು ಬಂದರು, ಟಯರಿಗೆ ಕಾಲಿನಿಂದ ತಟ್ಟಿದರು, ಬಾನೆಟ್ ಎತ್ತಿಸಿ ನೋಡಿದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ಎಲ್ಲರೂ ನಿಮ್ಮನ್ನು ಕೇಳುತ್ತಿದ್ದದ್ದೇ. "ಮೈಲೇಜ್ ಎಷ್ಟು ಕೊಡ್ತದೆ?" ನಾನು ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಉತ್ತರ ನನಗೆ ಗೊತ್ತಿತ್ತು. ಈ ಮನೆಯಲ್ಲಿ ಈಗ ಅದು ನನ್ನಷ್ಟು ಚೆನ್ನಾಗಿ ಗೊತ್ತಿರುವವರು ಬೇರೆ ಯಾರಿದ್ದಾರೆ? ಆದರೂ ಬಾಯಿಂದ ಮಾತು ಹೊರಡಲಿಲ್ಲ. ನೀವು ಹೋಗಿ ತಿಂಗಳಾಗುತ್ತ ಬಂತು. ನಿನ್ನೆ ನಡೆದದ್ದನ್ನು ನಿಮಗೆ ಹೇಳಲೇಬೇಕು. ಆದರೆ ಹಿಂದಿನಿಂದ ಹೇಳಿಕೊಂಡು ಬರದೆ ಅಲ್ಲಿಗೆ ತಲುಪುವ ಧೈರ್ಯ ನನಗಿಲ್ಲ.

ಗಾಡಿ ಮನೆಗೆ ಬಂದ ದಿನ ನಿಮಗೆ ನೆನಪಿದೆಯಾ? ಒಮಾನಿನ ಮರಳುಗಾಡಿನಲ್ಲಿ ನೀರಿಗಾಗಿ ನೆಲ ಕೊರೆಯುವವರನ್ನು ಅರ್ಧ ಆಯುಷ್ಯ ಗಾಡಿಯಲ್ಲಿ ಹೊತ್ತು ತಿರುಗಿದ ನೀವು, ಕೆಲಸ ಬಿಟ್ಟು ಪಡೀಲಿನ ಮನೆಗೆ ಬಂದ ಮೇಲೆ ಎರಡು ತಿಂಗಳು ಸುಮ್ಮನೆ ಕುಳಿತಿರಿ. ಆಮೇಲೆ ಒಂದು ದಿನ ಮಡಿಕೇರಿ ಕಡೆಗೆ ಹೋದವರು ಅದನ್ನು ಓಡಿಸಿಕೊಂಡು ಬಂದಿರಿ. ಹಳೆಯದು, ಡೀಸೆಲ್‌ನದ್ದು, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಶಕ್ತಿ ಹೋಗುವಂಥದ್ದು, ನಮ್ಮ ಗೇಟಿನಷ್ಟೇ ಅಗಲ. ಅತ್ತೆ ಚಾವಡಿಯಿಂದ ಇಳಿಯಲೇ ಇಲ್ಲ. "ಇದಕ್ಕೆ ಹತ್ತಲಿಕ್ಕೆ ಏಣಿ ಬೇಕು. ಪಡೀಲಿನಲ್ಲಿ ಮರುಭೂಮಿ ಎಲ್ಲುಂಟು ನಿಮಗೆ?" ಎಂದರು. ನೀವು ನಕ್ಕಿರಿ. ಮರುದಿನವೇ ವೆಲ್ಡಿಂಗ್ ಅಂಗಡಿಗೆ ಹೋಗಿ, ಸೀರೆ ಉಟ್ಟವರೂ ಹತ್ತುವ ಹಾಗೆ ಕಬ್ಬಿಣದ ಮೆಟ್ಟಿಲೊಂದನ್ನು ಹಾಕಿಸಿಕೊಂಡು ಬಂದಿರಿ. ಅತ್ತೆ ಆದರೂ ಹತ್ತಲಿಲ್ಲ.

ನನ್ನನ್ನು ಬಂದರಿಗೆ ಬಿಡಲು ಬರುತ್ತಿದ್ದ ಬೆಳಗುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಕೈಗಾಡಿಗಳು, ಮೀನಿನ ಟೆಂಪೋಗಳು, ಅಕ್ಕಿ ಲಾರಿಗಳು ತುಂಬಿದ ಆ ಸಣ್ಣ ದಾರಿಯಲ್ಲಿ ನಿಮ್ಮ ಗಾಡಿ ಬಂದರೆ ಎಲ್ಲರೂ ಗೋಡೆಗೆ ಅಂಟಿಕೊಳ್ಳಬೇಕಿತ್ತು. ನಾನು ಕೆಲಸ ಮಾಡುವ ಗೋಡೌನಿನ ಧಣಿ ಹಸನಬ್ಬ ಒಂದು ದಿನ ಹೊರಗೆ ಬಂದು ನಿಂತರು. "ಮಾರಾಯ್ರೆ, ಸೊಸೆಯನ್ನು ಬಿಡ್ಲಿಕ್ಕೆ ಇಷ್ಟು ದೊಡ್ಡದು ಯಾಕೆ? ಹಿಂದೆ ನಾಲ್ಕು ಮೂಟೆ ಅಕ್ಕಿ ಹಾಕುವ, ಬಾಡಿಗೆಯಾದ್ರೂ ಬರ್ತದೆ. ಮೈಲೇಜ್ ಎಷ್ಟುಂಟು?" ಎಂದರು. ನೀವು ಗಂಭೀರವಾಗಿ, "ಹದಿನಾಲ್ಕು," ಎಂದಿರಿ. ಮಾರಿದವರು ನಿಮಗೆ ಹೇಳಿದ್ದ ಸಂಖ್ಯೆ ಅದು. ನೀವು ಅದನ್ನು ನಂಬಿದ್ದಿರಿ. ನಾನು ಪಕ್ಕದಲ್ಲಿ ಕುಳಿತು, ಸ್ಟಿಯರಿಂಗಿನ ಹಿಂದಿನ ಪರದೆ ಹನ್ನೊಂದು ಎಂದು ತೋರಿಸುತ್ತಿದ್ದುದನ್ನು ನೋಡುತ್ತಿದ್ದೆ.

ಪರೀಕ್ಷೆ ಮಾಡೋಣ ಎಂದವಳು ನಾನೇ. ಪಂಪಿನಲ್ಲಿ ನಳಿಕೆ ತಾನಾಗಿಯೇ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿದೆವು. ಒಂದು ವಾರ ಬಂದರಿಗೆ, ಸುರತ್ಕಲ್‌ಗೆ, ನಂತೂರಿನ ಟ್ರಾಫಿಕ್ಕಿಗೆ, ಬಿಜೈಯ ಏರಿಗೆ, ಎಂದಿನ ಹಾಗೆಯೇ ಓಡಿಸಿದೆವು. ಮತ್ತೆ ಅದೇ ಪಂಪು, ಅದೇ ನಳಿಕೆ. ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ನಾನು ಮೊಬೈಲಿನಲ್ಲಿ ಭಾಗಿಸಿದೆ. ಎಂಟು. ಪರದೆಯೂ ಸುಳ್ಳು, ಮಾರಿದವರ ಮಾತೂ ಸುಳ್ಳು. ನಿಮ್ಮ ಮುಖ ಇಷ್ಟು ಸಣ್ಣದಾಯಿತು. ಮನೆ ತಲುಪಿದೆವು. ಗೇಟು ತೆರೆಯಲು ನಾನು ಇಳಿಯುವಾಗ ಹೇಳಿದಿರಿ: "ಅಲ್ಲಿ ನನ್ನ ಹತ್ರ ಯಾರೂ ಮೈಲೇಜ್ ಕೇಳಿದ್ದೇ ಇಲ್ಲ ಮಗಾ. ಮುಟ್ಟಿಸ್ತೀಯಾ ಇಲ್ವಾ, ಅಷ್ಟೇ ಕೇಳುದು." ಅದು ಡೀಸೆಲ್ಲಿನ ಮಾತಲ್ಲ ಎಂದು ನನಗೆ ಅಂದು ಅರ್ಥವಾಗಲಿಲ್ಲ. ಊರಿಗೆ ಮರಳಿದ ಮೇಲೆ ನಿಮ್ಮನ್ನೂ ಎಲ್ಲರೂ ಅದೇ ರೀತಿ ಅಳೆಯುತ್ತಿದ್ದರಲ್ಲವೇ? ಎಷ್ಟು ತಂದಿರಿ, ಎಷ್ಟು ಉಳಿಯಿತು, ಇನ್ನೆಷ್ಟು ದಿನ ಬರುತ್ತದೆ...

ಸುರತ್ಕಲ್‌ನಿಂದಾಚೆ ಜನವಿಲ್ಲದ ಕಡಲ ಕಿನಾರೆಗೆ ನನ್ನನ್ನು ಕರೆದುಕೊಂಡು ಹೋಗಿ ಕೀ ಕೊಟ್ಟ ಭಾನುವಾರವನ್ನು ನಾನು ಹೇಗೆ ಮರೆಯಲಿ? ನಿಮ್ಮ ಮಗ ದಿನೇಶ ದುಬೈಯಲ್ಲಿ. ಮನೆಯಲ್ಲಿ ನೀವು, ಅತ್ತೆ, ನಾನು. "ನಾಳೆ ನನಗೆ ಎಂತಾದರೂ ಆದರೆ ಈ ಗಾಡಿ ಅಂಗಳದಲ್ಲಿ ತುಕ್ಕು ಹಿಡಿಯುದು ಬೇಡ" ಎಂದು ಹೇಳಿಯೇ ಕಲಿಸಲು ತೊಡಗಿದಿರಿ. ಟಯರಿನ ಗಾಳಿ ಇಳಿಸಿದಿರಿ. ಮರಳಿನಲ್ಲಿ ಚಕ್ರ ಹೂತಾಗ ನಾನು ಗಾಬರಿಯಿಂದ ಆಕ್ಸಿಲರೇಟರ್ ಒತ್ತಿದೆ. "ಬೇಡ, ಬೇಡ. ಒತ್ತಿದಷ್ಟೂ ಮುಳುಗ್ತದೆ. ಕಾಲು ತೆಗೆ. ಈಗ ಮೆಲ್ಲ." ಗಾಡಿ ಎಮ್ಮೆ ಕೆಸರಿನಿಂದ ಏಳುವ ಹಾಗೆ ಎದ್ದು ಬಂತು. ಪರದೆಯಲ್ಲಿ ನಾಲ್ಕು ಎಂದು ಬರುತ್ತಿತ್ತು. ನೀವು ಅದರ ಮೇಲೆ ಅಂಗೈ ಮುಚ್ಚಿ, "ಇವತ್ತು ಅದನ್ನು ನೋಡ್ಬೇಡ" ಎಂದಿರಿ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನೀವು ಅಷ್ಟು ಸಂತೋಷದಿಂದ ಇದ್ದುದನ್ನು ನಾನು ಕಂಡದ್ದು ಅದೇ ಮೊದಲು.

ರಸ್ತೆಯಲ್ಲಿ ಮಾತ್ರ ನಾನು ಕೆಟ್ಟ ಶಿಷ್ಯೆ. ಜೋರಾಗಿ ಹೋಗಿ ಜೋರಾಗಿ ಬ್ರೇಕ್ ಹಾಕುತ್ತಿದ್ದೆ. "ದೂರ ನೋಡು. ಅಲ್ಲಿ ಬಸ್ಸು ನಿಂತದ್ದು ಕಾಣ್ತದಲ್ಲ? ಈಗಲೇ ಕಾಲು ತೆಗೆ. ಬ್ರೇಕ್ ಒತ್ತಿದ್ರೆ ಅಷ್ಟು ಹೊತ್ತು ಸುಟ್ಟ ಡೀಸೆಲ್ಲೆಲ್ಲ ದಂಡ" ಎನ್ನುತ್ತಿದ್ದಿರಿ. ನಾನು ತಲೆಯಾಡಿಸುತ್ತಿದ್ದೆ, ಮುಂದಿನ ತಿರುವಿನಲ್ಲಿ ಮತ್ತೆ ಅದೇ. ನನ್ನ ಕೈಯಲ್ಲಿ ಗಾಡಿ ಏಳಕ್ಕಿಂತ ಮೇಲೆ ಕೊಟ್ಟದ್ದೇ ಇಲ್ಲ. ನೀವು ಬೈಯಲೂ ಇಲ್ಲ. "ನಿನ್ನದು ಬಂದರಿನ ಲಾರಿ ಡ್ರೈವರ್ ಕಾಲು" ಎಂದು ನಗುತ್ತಿದ್ದಿರಿ.

ಬೆನ್ನುನೋವು ಎಂದು ನೀವು ಮೊದಲ ಬಾರಿ ಹೇಳಿದಾಗ ನಾವೆಲ್ಲ ಗಾಡಿಯ ಮೇಲೆಯೇ ದೂರು ಹಾಕಿದೆವು. ಎತ್ತರದ ಸೀಟು, ಹಳೆಯ ಸ್ಪ್ರಿಂಗು. ಆದರೆ ಆಸ್ಪತ್ರೆಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಕಾಯಿಲೆ ಬೇರೆ ಕಡೆಯಿಂದ ಬೆನ್ನುಮೂಳೆಗೆ ಹಬ್ಬಿದೆ ಎಂದರು. ಆ ದಿನ ನೀವು ಒಂದೇ ಪ್ರಶ್ನೆ ಕೇಳಿದಿರಿ: "ಗಾಡಿ ಓಡಿಸಬಹುದಾ?" ಡಾಕ್ಟರು ಇಲ್ಲವೆಂದರು. ನೀವು ಜೇಬಿನಿಂದ ಕೀ ತೆಗೆದು, ಅವರ ಎದುರಿಗೇ ನನ್ನ ಕೈಯಲ್ಲಿ ಇಟ್ಟಿರಿ. ಡಾಕ್ಟರು ಅದನ್ನು ನೋಡಲಿಲ್ಲ, ಬರೆಯುತ್ತಿದ್ದರು.

ಮೊದಲ ಸಲ ಚಿಕಿತ್ಸೆಗೆ ಆಂಬುಲೆನ್ಸಿನಲ್ಲಿ ಹೋಗಿ ಬಂದಿರಿ. ಸೈರನ್ ಹಾಕಿ ಹಾರಿಸಿಕೊಂಡು ಹೋದರು. ಮನೆಗೆ ಬಂದು ಮಲಗಿಸಿದಾಗ ನಿಮ್ಮ ತುಟಿಯಲ್ಲಿ ಹಲ್ಲಿನ ಗುರುತಿತ್ತು, ನೋವು ತಡೆಯಲು ಕಚ್ಚಿಕೊಂಡದ್ದು. "ಇನ್ನು ಅದರಲ್ಲಿ ಬೇಡ ಮಗಾ. ನಮ್ಮ ಗಾಡಿಯಲ್ಲಿ ಹೋಗುವ" ಎಂದಿರಿ. ಹಿಂದಿನ ಸೀಟು ಮಡಚಿ, ಹತ್ತಿಯ ಹಾಸಿಗೆ ಹಾಸಿದೆವು. ನಿಮಗೆ ಹೇಳದೆ ನಾನು ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿದ್ದೆ, ಕುಲುಕು ಕಡಿಮೆಯಾಗಲಿ ಎಂದು. ಗೇಟು ದಾಟುವ ಮೊದಲೇ ಹಿಂದಿನಿಂದ ನಿಮ್ಮ ಧ್ವನಿ ಬಂತು.

"ಗಾಳಿ ತೆಗ್ದಿದ್ದೀ ಅಲ್ವಾ?"

"ಸ್ವಲ್ಪ ಮಾವ."

"ಮೈಲೇಜ್ ಹೋಗ್ತದೆ ಮತ್ತೆ."

"ಹೋಗ್ಲಿ ಮಾವ."

ಆ ಬೆಳಿಗ್ಗೆಯಿಂದ ನಾನು ಗಾಡಿ ಓಡಿಸಿದ ರೀತಿಯೇ ಬೇರೆ. ಎಲ್ಲಿ ಹಂಪ್ ಇದೆ, ಎಲ್ಲಿ ಗುಂಡಿ ಇದೆ, ಎಲ್ಲಿ ಡಾಮರು ಕಿತ್ತಿದೆ, ಪಡೀಲಿನಿಂದ ಪೇಟೆಯವರೆಗಿನ ಆ ದಾರಿ ನನ್ನ ಅಂಗಾಲಿಗೆ ಬಾಯಿಪಾಠವಾಯಿತು. ಬಹಳ ದೂರದಿಂದಲೇ ಕಾಲು ತೆಗೆಯುತ್ತಿದ್ದೆ. ಗಾಡಿ ತನ್ನಷ್ಟಕ್ಕೆ ಹರಿದು, ನಿಧಾನವಾಗಿ ಏರಿ, ನಿಧಾನವಾಗಿ ಇಳಿಯುತ್ತಿತ್ತು. ಹಿಂದೆ ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರು, ಬೈಕಿನವರು ಪಕ್ಕಕ್ಕೆ ಬಂದು ಬೈದು ಹೋಗುತ್ತಿದ್ದರು. ಗಾಜು ಏರಿಸಿಕೊಂಡು ನಾನು ಹೋಗುತ್ತಿದ್ದೆ. ನಿಮಗೆ ನೋವಾದರೆ ನೀವು ಕೂಗುತ್ತಿರಲಿಲ್ಲ, ಮೂಗಿನಿಂದ ಒಂದು ಸಣ್ಣ ಉಸಿರು ಬರುತ್ತಿತ್ತು ಅಷ್ಟೇ. ಆ ಉಸಿರು ಕೇಳಿಸದಂತೆ ಓಡಿಸುವುದೊಂದೇ ನನಗಿದ್ದ ಗುರಿ.

ಎರಡು ವಾರ ಕಳೆದಿರಬಹುದು, ಗಾಡಿಯ ಹಾಸಿಗೆಯಲ್ಲಿ ಮಲಗಿದ್ದ ನೀವು ಕೇಳಿದಿರಿ, "ಪರದೆಯಲ್ಲಿ ಎಷ್ಟು ತೋರಿಸ್ತದೆ?" ನಾನು ನೋಡಿರಲೇ ಇಲ್ಲ. ನೋಡಿದರೆ ಹದಿನಾಲ್ಕು. ಹೇಳಿದೆ. "ಪರದೆಯನ್ನು ನಂಬಬಾರದು. ಪಂಪಿಗೆ ನಿಲ್ಸು" ಎಂದಿರಿ. ಆಸ್ಪತ್ರೆಯಿಂದ ಹಿಂದೆ ಬರುವಾಗ, ನರಕ್ಕೆ ಮದ್ದು ಹಾಕಿಸಿಕೊಂಡು ಸುಸ್ತಾಗಿದ್ದವರು, ಹಿಂದಿನ ಕಿಟಕಿ ಇಳಿಸಿ ಪಂಪಿನವನಿಗೆ ಹೇಳಿದಿರಿ: "ತಾನಾಗಿ ನಿಂತ ಮೇಲೆ ಒಂದು ಹನಿ ಹೆಚ್ಚು ಬೇಡ." ಹಿಂದೆ ತುಂಬಿಸಿದ ದಿನದ ಕಿಲೋಮೀಟರ್ ನಿಮ್ಮ ತಲೆಯಲ್ಲೇ ಇತ್ತು. ಮಲಗಿಕೊಂಡೇ, ಕಣ್ಣು ಮುಚ್ಚಿ ಲೆಕ್ಕ ಹಾಕಿದಿರಿ. "ಹನ್ನೊಂದು" ಎಂದಿರಿ. "ಸರಿಯಾಗಿ ಹನ್ನೊಂದು. ಗಾಳಿ ಇಲ್ಲದ ಟಯರಿನಲ್ಲಿ. ನನ್ನ ಕಾಲಿಗೆ ಒಲಿಯದ್ದು ನಿನ್ನ ಕಾಲಿಗೆ ಒಲಿಯಿತಲ್ಲ ಮಗಾ."

ನಾನು ಕನ್ನಡಿಯಲ್ಲಿ ನಿಮ್ಮನ್ನು ನೋಡಿದೆ. ನೀವು ನಗುತ್ತಿದ್ದಿರಿ, ಆಮೇಲೆ ನಗು ನಿಂತಿತು. ಆ ಸಂಖ್ಯೆ ಎಲ್ಲಿಂದ ಬಂತೆಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. "ಇದು ಗಾಡಿ ಓಡಿಸುದಲ್ಲ. ಹೊತ್ಕೊಂಡು ಹೋಗುದು" ಎಂದು ನೀವು ಮೆಲ್ಲಗೆ ಹೇಳಿ, ಗೋಡೆಯ ಕಡೆಗೆ ಹೊರಳುವವರ ಹಾಗೆ ಕಿಟಕಿಯ ಕಡೆಗೆ ಮುಖ ತಿರುಗಿಸಿದಿರಿ. ಮನೆಗೆ ಬಂದು ಅತ್ತೆಗೆ ಹೇಳಿದ್ದು ಮಾತ್ರ "ಹನ್ನೊಂದು ಕೊಟ್ಟಿತು" ಎಂದು. ಅತ್ತೆಗೆ ಏನು ಅರ್ಥವಾಯಿತೋ, "ಒಳ್ಳೇದಾಯ್ತು" ಎಂದರು.

ನೀವು ಹೋದ ಮಧ್ಯಾಹ್ನದ ಮಾತು ಈಗ ಬರೆಯಲೇಬೇಕು. ಇನ್ನು ಮಾಡುವುದಕ್ಕೇನೂ ಇಲ್ಲ, ಮನೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿ ಕೆಲವು ದಿನಗಳಾಗಿದ್ದವು. ನಿಮ್ಮ ಮಗನಿಗೆ ರಜೆ ಸಿಕ್ಕಿತ್ತು, ಅಂದು ಸಂಜೆಯ ವಿಮಾನಕ್ಕೆ ಬರುವವರಿದ್ದರು. ಊಟದ ಹೊತ್ತು ಕಳೆದ ಮೇಲೆ ನಿಮ್ಮ ಉಸಿರು ಕಟ್ಟತೊಡಗಿತು. ಫೋನಿನಲ್ಲಿ ಡಾಕ್ಟರು, ಕರೆದುಕೊಂಡು ಬಂದರೆ ಯಂತ್ರಕ್ಕೆ ಹಾಕಿ ಸಂಜೆಯವರೆಗೆ ಉಳಿಸಲು ನೋಡಬಹುದು, ಖಾತ್ರಿ ಹೇಳಲಾಗದು ಎಂದರು. ನೆರೆಯವರು ಹಾಸಿಗೆ ಸಮೇತ ನಿಮ್ಮನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದರು. ಅತ್ತೆ ಆ ಕಬ್ಬಿಣದ ಮೆಟ್ಟಿಲನ್ನು ಮೊದಲ ಬಾರಿ ಹತ್ತಿ, ನಿಮ್ಮ ತಲೆಯನ್ನು ಮಡಿಲಿಗೆ ತೆಗೆದುಕೊಂಡರು.

ಪಡೀಲಿನ ರೈಲ್ವೆ ಸೇತುವೆಯ ಕೆಳಗಿನಿಂದ ನಾನು ಜೋರಾಗಿಯೇ ಹೊರಟಿದ್ದೆ. "ಬೇಗ ಹೋಗು ಶಶೀ, ಬೇಗ. ದಿನೇಶ ಬರುವಾಗ ಇವರು ಇರ್ಬೇಕು" ಎಂದು ಅತ್ತೆ ಹೇಳುತ್ತಲೇ ಇದ್ದರು. ಒಂದು ಗುಂಡಿಯಲ್ಲಿ ಚಕ್ರ ಇಳಿಯಿತು. ಆ ಕಾಯಿಲೆಯಲ್ಲಿ ಒಮ್ಮೆಯೂ ಕೂಗದ ನೀವು ಅಂದು ಕೂಗಿದಿರಿ ಮಾವ. ಆ ಸ್ವರ... ಆಮೇಲೆ ನೀವು ಹೇಳಿದಿರಿ, "ಮೆಲ್ಲ. ಮೆಲ್ಲ ಹೋಗು ಮಗಾ." ನನಗೆ ಸ್ಪಷ್ಟವಾಗಿ ಕೇಳಿಸಿತು. ನನ್ನ ಕಾಲು ತಾನಾಗಿ ಮೇಲಕ್ಕೆ ಬಂತು. ಮತ್ತೆ ನಾನು ಅದನ್ನು ಒತ್ತಲಿಲ್ಲ. ಅತ್ತೆ ಕೂಡ ಮತ್ತೆ ಬೇಗ ಎನ್ನಲಿಲ್ಲ. ನಾಗುರಿ ದಾಟುವಾಗ ಹಿಂದಿನ ಉಸಿರಿನ ಸದ್ದು ನಿಂತಿತು. ಗಾಡಿ ಅದೇ ಹದದಲ್ಲಿ ಹೋಗುತ್ತಿತ್ತು. ನಾನು ನಿಲ್ಲಿಸಲಿಲ್ಲ, ಜೋರೂ ಮಾಡಲಿಲ್ಲ, ಕನ್ನಡಿಯಲ್ಲಿ ನೋಡಲೂ ಇಲ್ಲ. ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತ ಮೇಲೆ ಅತ್ತೆ ಹೇಳಿದರು, "ಇನ್ನು ಅವಸರ ಇಲ್ಲ."

ನಿಮ್ಮ ಮಗ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಇಳಿದಾಗ ಕತ್ತಲಾಗುತ್ತಿತ್ತು. ನೇರ ಮನೆಗೆ ಬಂದು ಚಾವಡಿಯಲ್ಲಿ ನಿಮ್ಮ ಪಾದದ ಬಳಿ ಕುಳಿತರು. ಆ ದಿನ ಏನೂ ಕೇಳಲಿಲ್ಲ. ನಿಮ್ಮ ಬೊಜ್ಜದ ಉತ್ತರಕ್ರಿಯೆಗಳೆಲ್ಲ ಮುಗಿದು ನೆಂಟರು ಹೋದ ಮರುದಿನ, ಬಟ್ಟೆ ಮಡಚುತ್ತಿದ್ದ ನನ್ನ ಬಳಿ ಬಂದು ನಿಂತು ಕೇಳಿದರು: "ಪಡೀಲಿನಿಂದ ಆಸ್ಪತ್ರೆಗೆ ಅಷ್ಟು ಹೊತ್ತು ಬೇಕಾ?" ಯಾರೋ ಹೇಳಿದ್ದರು, ಗಾಡಿ ಮೆರವಣಿಗೆಯ ಹಾಗೆ ಹೋಗುತ್ತಿತ್ತು ಎಂದು. ನಾನು ಏನು ಹೇಳಲಿ? ನಿಮ್ಮಪ್ಪನೇ ಮೆಲ್ಲ ಹೋಗಲು ಹೇಳಿದರು ಎಂದರೆ, ಸತ್ತವರ ಮೇಲೆ ಹೊರಿಸಿದ ಹಾಗೆ ಕೇಳಿಸುತ್ತಿರಲಿಲ್ಲವೇ? "ಟ್ರಾಫಿಕ್ ಇತ್ತು" ಎಂದೆ. ಅವರು ತಲೆಯಾಡಿಸಿ ಹೋದರು. ಮತ್ತೆ ಹೆಚ್ಚು ಮಾತೇ ಆಡಲಿಲ್ಲ. ಒಂದು ವಾರದ ಮೇಲೆ, ತಾನು ದುಬೈಗೆ ಹಿಂದೆ ಹೋಗುವ ಮೊದಲು ಗಾಡಿ ಕೊಟ್ಟುಬಿಡಬೇಕು ಎಂದರು. ಕೇಳಿದವರಿಗೆಲ್ಲ ಒಂದೇ ಕಾರಣ: "ಸಾಕ್ಲಿಕ್ಕೆ ಆಗುದಿಲ್ಲ. ಮೈಲೇಜೇ ಇಲ್ಲ."

ಹಾಗೆ ನಿನ್ನೆ ಆ ಸುರತ್ಕಲ್‌ನವರು ಬಂದರು. ಅವರು ಮೈಲೇಜ್ ಕೇಳಿದಾಗ ನಿಮ್ಮ ಮಗ, "ಏಳೋ ಎಂಟೋ. ಡೀಸೆಲ್ ಕುಡಿಯುವ ಆನೆ ಇದು" ಎಂದರು. ಬಂದವರಿಗೆ ಆಶ್ಚರ್ಯ. "ಮಾರುವವರೇ ಹೀಗೆ ಹೇಳುದು ನಾನು ಇದೇ ಮೊದಲು ಕೇಳುದು ಮಾರಾಯ್ರೆ" ಎಂದು ನಕ್ಕರು. ಆಗ ನನ್ನ ಹಿಂದಿನಿಂದ ಅತ್ತೆ ಬಂದು ಚಾವಡಿಯ ಮೆಟ್ಟಿಲಲ್ಲಿ ನಿಂತರು. ನೀವು ಹೋದ ಮೇಲೆ ಹೊರಗಿನವರೆದುರು ಅವರು ಬಂದದ್ದೇ ಇಲ್ಲ.

"ಹನ್ನೊಂದು ಕೊಡ್ತದೆ," ಎಂದರು.

"ಅಮ್ಮಾ, ನಿನಗೆಂತ ಗೊತ್ತುಂಟು ಮೈಲೇಜ್?"

"ನಿನ್ನ ಅಪ್ಪ ಹೇಳಿದ್ದು. ಮಲಗಿದಲ್ಲಿಂದಲೇ ಲೆಕ್ಕ ಹಾಕಿ ಹೇಳಿದ್ದು. ಶಶಿ ಓಡಿಸಿದ್ರೆ ಹನ್ನೊಂದು ಕೊಡ್ತದೆ."

"ಹೌದು, ಅಷ್ಟು ಮೆಲ್ಲ ಓಡಿಸಿದ್ದಕ್ಕೇ ಅಲ್ವಾ ನನಗೆ ಅಪ್ಪ..." ಅಷ್ಟು ಹೇಳಿ ಅವರು ನಿಲ್ಲಿಸಿದರು. ಬಂದವರು ನಾನು ಕೊಟ್ಟಿದ್ದ ಕಾಫಿಯ ಲೋಟದೊಳಗೆ ನೋಡತೊಡಗಿದರು.

ಅತ್ತೆ ಸ್ವರ ಏರಿಸಲಿಲ್ಲ. "ಮೆಲ್ಲ ಹೋಗ್ಲಿಕ್ಕೆ ಹೇಳಿದ್ದು ಅವರು. ನಾನು ಬೇಗ ಹೋಗು, ಬೇಗ ಹೋಗು ಅಂತ ಬೊಬ್ಬೆ ಹಾಕ್ತಾ ಇದ್ದೆ. ಅವರು ನನ್ನ ಕೈ ಗಟ್ಟಿ ಹಿಡಿದು, ಅವಳ ಹತ್ರ ಮೆಲ್ಲ ಅಂದ್ರು. ನಿನಗೆ ಅಪ್ಪನನ್ನು ಜೀವಂತ ನೋಡ್ಬೇಕಿತ್ತು. ಅವರಿಗೆ ನೋವಿಲ್ಲದೆ ಹೋಗ್ಬೇಕಿತ್ತು. ಇವಳು ಯಾರ ಮಾತು ಕೇಳ್ಬೇಕಿತ್ತು, ನೀನೇ ಹೇಳು."

ಬಂದವರು ಲೋಟವನ್ನು ಚಾವಡಿಯ ದಂಡೆಯ ಮೇಲಿಟ್ಟು, "ನಾನು ಮತ್ತೆ ಫೋನ್ ಮಾಡ್ತೇನೆ" ಎಂದು ಹೊರಟರು. ನಿಮ್ಮ ಮಗ ಗಾಡಿಯ ಬಾಗಿಲು ಹಿಡಿದು ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೀಯನ್ನು ನನ್ನ ಕಡೆಗೆ ಚಾಚಿ, "ಅವತ್ತಿನ ಹಾಗೆ ಒಮ್ಮೆ ಓಡಿಸ್ತೀಯಾ?" ಎಂದು ಕೇಳಿದರು. ಅವರು ಮುಂದೆ ಕುಳಿತುಕೊಳ್ಳಲಿಲ್ಲ. ಹಿಂದೆ, ಹಾಸಿಗೆ ಇದ್ದ ಕಡೆ, ಬರಿಯ ತಗಡಿನ ಮೇಲೆ ಕಾಲು ಚಾಚಿ ಕುಳಿತರು. ನಾನು ಓಡಿಸಿದೆ. ಅದೇ ಹಂಪ್, ಅದೇ ಗುಂಡಿ. ಹಿಂದೆ ಬಸ್ಸಿನವರು ಹಾರ್ನ್ ಹೊಡೆದರು. ನಾಗುರಿಯ ಹತ್ತಿರ "ಎಲ್ಲಿ?" ಎಂದು ಕೇಳಿದರು. "ಇಲ್ಲೇ" ಎಂದೆ. "ನಿಲ್ಸು" ಎಂದರು. ಇಳಿದು ರಸ್ತೆಯ ಬದಿಯಲ್ಲಿ, ಟಯರ್ ಅಂಗಡಿಯೊಂದರ ಎದುರು ನಿಂತು ಅತ್ತರು ಮಾವ. ದುಬೈಯಿಂದ ಬಂದ ಮೇಲೆ ಅವರು ಅತ್ತದ್ದು ಅದೇ ಮೊದಲು. ನಾನು ಇಳಿದು ಹೋಗಿ ಪಕ್ಕದಲ್ಲಿ ನಿಂತೆ. "ಅಪ್ಪನಿಗೆ ಇಲ್ಲಿಯವರೆಗೆ ನೋವಾಗಿರ್ಲಿಕ್ಕಿಲ್ಲ ಅಲ್ವಾ?" ಎಂದು ಕೇಳಿದರು. ಆ ಒಂದು ಗುಂಡಿಯ ವಿಷಯವನ್ನೂ ಹೇಳಿದೆ. ಹೇಳದಿರಲು ನನ್ನಿಂದಾಗಲಿಲ್ಲ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು, ಅಷ್ಟೇ.

ಬೇಕಾದರೆ ಗಾಡಿ ಇರಲಿ ಎಂದು ಹಿಂದೆ ಬರುವಾಗ ಅವರೇ ಹೇಳಿದರು. ಕೊಟ್ಟುಬಿಡುವ ಎಂದವಳು ನಾನು. ನಿಮಗೆ ಬೇಸರವಾಯಿತೇ? ತುಕ್ಕು ಹಿಡಿಯಬಾರದು ಎಂದು ನೀವು ಹೇಳಿದ್ದು ನನಗೆ ನೆನಪಿದೆ. ಆದರೆ ಅದರಲ್ಲಿ ಕುಳಿತರೆ ನನ್ನ ಕಿವಿ ಹಿಂದಕ್ಕೇ ಇರುತ್ತದೆ, ಉಸಿರು ಕೇಳಲು. ಮೊನ್ನೆ ಖಾಲಿ ಗಾಡಿಯಲ್ಲಿ ಬಂದರಿಗೆ ಹೋದಾಗಲೂ ಜೋರಾಗಿ ಒತ್ತಲು ನನ್ನ ಕಾಲು ಒಪ್ಪಲಿಲ್ಲ. ಎಲ್ಲರ ಹಾಗೆ, ಹಿಂದಿನ ಹಾಗೆ, ಏಳಕ್ಕೋ ಎಂಟಕ್ಕೋ ಅದನ್ನು ಮತ್ತೆ ಓಡಿಸಲು ನನ್ನಿಂದ ಆಗುವುದಿಲ್ಲ. ಸಂಜೆ ಸುರತ್ಕಲ್‌ನವರು ಫೋನ್ ಮಾಡಿದಾಗ ನಿಮ್ಮ ಮಗನೇ ಮಾತು ಮುಗಿಸಿದರು. ಕೊಳ್ಳುವವರ ಮಗ ಮಲೆಯ ದಾರಿಗಳಲ್ಲಿ ಓಡಿಸುವವನಂತೆ. ಅಲ್ಲಿ ಗಾಡಿಗೆ ಕೆಲಸ ಇದೆ.

ನಾಳೆ ಬೆಳಿಗ್ಗೆ ಕೊಂಡುಹೋಗಲು ಬರುತ್ತಾರೆ. ಇಂದು ಮಧ್ಯಾಹ್ನ ಅತ್ತೆ ಹಿತ್ತಿಲಿನಿಂದ ಬಂದು, ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ನನ್ನ ಕೈಗಿತ್ತರು. "ಹೋಗಿ ಟ್ಯಾಂಕ್ ತುಂಬಿಸ್ಕೊಂಡು ಬಾ" ಎಂದರು. ಮಾರಿದ ಗಾಡಿಗೆ ಯಾರಾದರೂ ಡೀಸೆಲ್ ಹಾಕುತ್ತಾರಾ ಅಮ್ಮಾ ಎಂದು ನಿಮ್ಮ ಮಗ ಕೇಳಿದರು. ಅತ್ತೆ ಅವರ ಕಡೆಗೆ ನೋಡಲಿಲ್ಲ, ಗಾಡಿಯ ಕಡೆಗೆ ನೋಡಿದರು.

"ಮನೆಯಿಂದ ಹೋಗುವವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುದುಂಟಾ?" ಎಂದರು. "ಅವತ್ತು ಅವರು ಒಂದು ಚಮಚ ಗಂಜಿ ಕೂಡ ಕುಡೀಲಿಲ್ಲ."

ನಾನು ಕೀ ತೆಗೆದುಕೊಂಡು ಎದ್ದಿದ್ದೇನೆ ಮಾವ. ತುಂಬಿಸಿಕೊಂಡು ಬರುತ್ತೇನೆ.

ನಿಮ್ಮ ಸೊಸೆ,
ಶಶಿ